ಕೋಟೆಯ ಸಂಗ್ರಹಾಲಯದಲ್ಲಿ ಕಡಲನ್ನು ಹುಡುಕುತ್ತ

ಮಣಲಿಯಲ್ಲಿ ಸಂಸಾರ ಹೂಡಿರುವ ನಮ್ಮಂಥವರನ್ನು ಊರಿನಿಂದ ಬಂದ ನೆಂಟರು ಕೇಳುವ ಮೊದಲ ಪ್ರಶ್ನೆ, "ಸಮುದ್ರ ಎಷ್ಟು ದೂರ?" ಎಂಬುದು. "ಮರೀನಾ ನೋಡಬೇಕೆಂದರೆ ಎರಡು ಬಸ್ಸು ಹಿಡಿಯಬೇಕು" ಎಂದು ನಾವು ಉತ್ತರ ಹೇಳುತ್ತೇವೆ. ಮನೆಯಿಂದ ಪೂರ್ವಕ್ಕೆ ನಾಲ್ಕೈದು ಕಿಲೋಮೀಟರಿನಲ್ಲಿಯೇ ತಿರುವೊಟ್ಟಿಯೂರಿನ ಕಡಲಿದೆ ಎಂಬುದು ಆಗ ನಮ್ಮ ನೆನಪಿಗೆ ಬರುವುದಿಲ್ಲ. ಆದರೆ ಈ ಊರಿನ ಅನ್ನ ಬರುವುದೇ ಕಡಲಿನಿಂದ. ಇಲ್ಲಿಯ ಎಣ್ಣೆ ಶುದ್ಧೀಕರಣ ಕಾರ್ಖಾನೆ 1969 ರಲ್ಲಿ ಕೆಲಸ ಆರಂಭಿಸಿತು. ಹಡಗಿನಲ್ಲಿ ಬಂದ ಕಚ್ಚಾ ಎಣ್ಣೆ ಚೆನ್ನೈ ಬಂದರಿನಲ್ಲಿ ಇಳಿದು, ನೆಲದೊಳಗಿನ ಕೊಳವೆಗಳಲ್ಲಿ ಹರಿದು ಮಣಲಿಗೆ ಬರುತ್ತದೆ. ಎಂದರೆ, ಕಡಲು ನಮ್ಮ ಕಾಲಡಿಯಲ್ಲೇ ಓಡಾಡುತ್ತಿದ್ದರೂ ನಾವು ಅದನ್ನು ಕಂಡವರಲ್ಲ.

ಇದು ನಮಗೆ ಅರಿವಾದದ್ದು ಒಂದು ಸಣ್ಣ ಕೆಲಸದ ದೆಸೆಯಿಂದ. ಭಾನುವಾರದ ಮಕ್ಕಳ ಕನ್ನಡ ತರಗತಿಯಲ್ಲಿ ಕಾಗುಣಿತ ಬರೆದು ಬೇಸತ್ತಿದ್ದ ಹುಡುಗರನ್ನು ಎಲ್ಲಿಗಾದರೂ ಕರೆದೊಯ್ಯಬೇಕೆಂದು ನಾಲ್ಕು ಮನೆಯವರು ಸೇರಿ ಯೋಚಿಸಿದೆವು. ಸೇಂಟ್ ಜಾರ್ಜ್ ಕೋಟೆಯ ವಸ್ತು ಸಂಗ್ರಹಾಲಯವಾದರೆ ಪ್ಯಾರಿಸ್ ಕಾರ್ನರಿಗೆ ಹತ್ತಿರ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ, ಭಾನುವಾರವೂ ತೆರೆದಿರುತ್ತದೆ. ನಾವು ಬಿ.ಎಸ್ಸಿ. ಓದಿ ಕೇಂದ್ರ ಸರ್ಕಾರದ ಕಛೇರಿಯಲ್ಲಿ ಕಡತ ಹೊರುವವರು. ಇತಿಹಾಸ ನಮ್ಮ ವಿಷಯವಲ್ಲ. ಆದರೂ "ಮಕ್ಕಳಿಗೆ ಕನ್ನಡದಲ್ಲಿ ವಿವರಿಸುವವರು ಯಾರಾದರೂ ಬೇಕಲ್ಲ" ಎಂದು ಆ ಹೊಣೆ ನಮ್ಮ ತಲೆಗೇ ಬಂತು. ಅಂದಿನಿಂದ ತಿಂಗಳಿಗೊಮ್ಮೆ ಈ ಊಳಿಗ ನಡೆದಿದೆ. ಎದೆಯ ಮೇಲೆ ಬಿಲ್ಲೆಯಿಲ್ಲ, ಯಾರ ನೇಮಕವೂ ಇಲ್ಲ. ಎಲ್ಲರಂತೆ ಟಿಕೆಟ್ಟು ಕೊಂಡು ಒಳಗೆ ಹೋಗಿ, ಬೇರೆಯವರಿಗೆ ತೊಂದರೆಯಾಗದಂತೆ ಮೆಲುದನಿಯಲ್ಲಿ ಮಾತನಾಡುವುದು, ಅಷ್ಟೆ. ಸ್ವಯಂಸೇವೆ ಎಂಬ ದೊಡ್ಡ ಮಾತನ್ನು ಇದಕ್ಕೆ ಬಳಸಲು ಸಂಕೋಚವಾಗುತ್ತದೆ. ಈ ಲೇಖನದಲ್ಲಿ ಆ ಸಂಗ್ರಹಾಲಯವನ್ನೂ, ಅಲ್ಲಿ ನಾವು ಮಾಡಿದ ಸೇವೆಯನ್ನೂ ಒಟ್ಟಿಗೇ ವಿಮರ್ಶೆಗೆ ಒಡ್ಡಿದ್ದೇವೆ. ನಮ್ಮನ್ನು ಬಿಟ್ಟು ಅದನ್ನೊಂದನ್ನೇ ವಿಮರ್ಶಿಸುವುದು ನ್ಯಾಯವಲ್ಲ.

ಮೊದಲು ಕಟ್ಟಡದ ವಿಚಾರ. 1795 ರಲ್ಲಿ ಮುಗಿದ ಈ ಮನೆ ಒಂದು ಕಾಲದಲ್ಲಿ ವರ್ತಕರು ಕೂಡುತ್ತಿದ್ದ ಸ್ಥಳ. ಮರುವರ್ಷ, 1796 ರಲ್ಲಿ, ಇದರ ಮಾಳಿಗೆಯ ಮೇಲೆ ಎಣ್ಣೆಯ ದೀಪಗಳನ್ನು ಹಚ್ಚಿ ಹಡಗುಗಳಿಗೆ ದಾರಿ ತೋರಿಸಲಾರಂಭಿಸಿದರು. ಮದರಾಸಿನ ಮೊದಲ ದೀಪಸ್ತಂಭ ಇದೇ. ಎರಡನೆಯದು 1844 ರಲ್ಲಿ ಈಗಿನ ಹೈಕೋರ್ಟಿನ ಆವರಣದಲ್ಲಿ ಎದ್ದ ಕಲ್ಲಿನ ಕಂಬ. ಮೂರನೆಯದು 1894 ರಲ್ಲಿ ಹೈಕೋರ್ಟಿನ ಗೋಪುರದ ಮೇಲೆಯೇ ಕುಳಿತ ದೀಪ. ನಾಲ್ಕನೆಯದು 1977 ರಲ್ಲಿ ಮರೀನಾದಲ್ಲಿ ಬಂದ, ಇಂದಿಗೂ ಬೆಳಗುತ್ತಿರುವ ಗೋಪುರ. ದೀಪ ಹೀಗೆ ಮೇಲಕ್ಕೆ ಮೇಲಕ್ಕೆ ಏರಿದ್ದೇಕೆಂದು ಮಕ್ಕಳು ಕೇಳಿದಾಗ ನಮ್ಮ ಬಿ.ಎಸ್ಸಿ. ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಭೂಮಿ ದುಂಡಗಿರುವುದರಿಂದ ಎತ್ತರ ಹೆಚ್ಚಿದಷ್ಟೂ ದಿಗಂತ ದೂರ ಸರಿಯುತ್ತದೆ. ಎತ್ತರವನ್ನು ಮೀಟರಿನಲ್ಲಿ ಹಿಡಿದು 13 ರಿಂದ ಗುಣಿಸಿ ವರ್ಗಮೂಲ ತೆಗೆದರೆ ದಿಗಂತದ ದೂರ ಹೆಚ್ಚುಕಡಿಮೆ ಕಿಲೋಮೀಟರಿನಲ್ಲಿ ಸಿಗುತ್ತದೆ. ದಡದಲ್ಲಿ ನಿಂತ, ಕಣ್ಣು ಒಂದೂವರೆ ಮೀಟರ್ ಎತ್ತರದಲ್ಲಿರುವ ಮನುಷ್ಯನಿಗೆ ಕಾಣುವುದು ಸುಮಾರು 4.4 ಕಿಲೋಮೀಟರ್; 50 ಮೀಟರ್ ಎತ್ತರದ ದೀಪಕ್ಕೆ ಸುಮಾರು 25. ಮಕ್ಕಳು ಬೆರಳೆಣಿಸಿ ಲೆಕ್ಕ ಹಾಕಿ ಸಂತೋಷಪಟ್ಟರು. ನಾವೂ ಬೀಗಿದೆವು.

1948 ರಲ್ಲಿ ತೆರೆದ ಸಂಗ್ರಹಾಲಯದೊಳಗೆ ನಾಣ್ಯ, ಪದಕ, ಬಂದೂಕು, ಕತ್ತಿ, ಪಿಂಗಾಣಿ, ದೊರೆಗಳ ತೈಲಚಿತ್ರಗಳು ಇವೆ. ಕನ್ನಡದ ಮಕ್ಕಳನ್ನು ಥಟ್ಟನೆ ನಿಲ್ಲಿಸುವುದು ಕಾರ್ನ್‌ವಾಲಿಸನ ಅಮೃತಶಿಲೆಯ ಪ್ರತಿಮೆ. ಥಾಮಸ್ ಬ್ಯಾಂಕ್ಸ್ ಎಂಬ ಶಿಲ್ಪಿ ಇಂಗ್ಲೆಂಡಿನಲ್ಲಿ ಕಡೆದದ್ದು. ಅದರ ಪೀಠದ ಮೇಲೆ ಟಿಪ್ಪು ಸುಲ್ತಾನನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಒಪ್ಪಿಸುವ ದೃಶ್ಯವಿದೆ. 1792 ರಲ್ಲಿ ಶ್ರೀರಂಗಪಟ್ಟಣದಲ್ಲಿ ನಡೆದದ್ದು ಅದು; ಆ ಹುಡುಗರು 1794 ರವರೆಗೆ ಇದೇ ಮದರಾಸಿನಲ್ಲಿ ಇರಬೇಕಾಯಿತು. "ನಮ್ಮ ಕಡೆಯಿಂದ ಇಲ್ಲಿಗೆ ಬಂದ ಮೊದಲನೇ ಮಕ್ಕಳು ಇವರೇನಾ?" ಎಂದು ಒಂದು ಹುಡುಗಿ ಕೇಳಿದಳು. ಮೊದಲಿನವರಲ್ಲ, ಆದರೆ ಮನಸ್ಸಿಲ್ಲದೆ ಬಂದವರು ಎಂದೆವು.

ಇನ್ನೊಂದು ವಸ್ತು ಜರ್ಮನಿಯ ಎಂಡೆನ್ ಹಡಗು ಹಾರಿಸಿದ ಗುಂಡಿನ ಚೂರು. 1914 ರ ಸೆಪ್ಟೆಂಬರ್ 22 ರ ರಾತ್ರಿ ಆ ಹಡಗು ಬಂದು ಬರ್ಮಾ ಎಣ್ಣೆ ಕಂಪನಿಯ ತೊಟ್ಟಿಗಳಿಗೆ ಗುಂಡಿಟ್ಟು ಬೆಂಕಿ ಹಚ್ಚಿ, ಅರ್ಧ ಗಂಟೆಯಲ್ಲಿ ಕತ್ತಲೆಯಲ್ಲಿ ಮಾಯವಾಯಿತು. ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಇಂದಿಗೂ ಎದೆಗಾರನನ್ನು, ಚತುರನನ್ನು ತಮಿಳಿನಲ್ಲಿ 'ಎಂಡನ್' ಎನ್ನುವುದುಂಟು. ಎಣ್ಣೆಯ ತೊಟ್ಟಿಗಳ ನೆರೆಯಲ್ಲೇ ಮಲಗುವ ಮಣಲಿಯ ಮಕ್ಕಳಿಗೆ ಈ ಕಥೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಯಿತು.

ಇಷ್ಟರಲ್ಲಿ ನಮ್ಮ ತಪ್ಪು ಹೊರಬಿತ್ತು. "ಇಲ್ಲಿ ಒಳ್ಳೆಯ ಬಂದರಿತ್ತು, ಅದಕ್ಕೇ ಇಂಗ್ಲಿಷರು 1639 ರಲ್ಲಿ ಈ ಜಾಗವನ್ನು ಆರಿಸಿಕೊಂಡರು" ಎಂದು ನಾವು ಬಹಳ ಧೈರ್ಯವಾಗಿ ಹೇಳಿಬಿಟ್ಟೆವು. ನಮ್ಮ ಮಗನ ಜೊತೆ ಬಂದಿದ್ದ ಪಕ್ಕದ ಮನೆಯ ತಮಿಳು ಹುಡುಗ, ಮೀನುಗಾರರ ವಂಶದವನು, ಮೆಲ್ಲಗೆ, "ಇಲ್ಲ ಅಂಕಲ್, ಇಲ್ಲಿ ಬಂದರೇ ಇರಲಿಲ್ಲ ಅಂತ ನಮ್ಮ ತಾತ ಹೇಳ್ತಾರೆ. ಬರೀ ಅಲೆ" ಎಂದ. ಮನೆಗೆ ಬಂದು ಪುಸ್ತಕ ತಿರುವಿ ನೋಡಿದರೆ, ತಾತ ಹೇಳಿದ್ದೇ ಸರಿ.

ಮದರಾಸಿಗೆ ಎರಡೂ ಕಾಲು ಶತಮಾನ ಬಂದರೆಂಬುದೇ ಇರಲಿಲ್ಲ. ಹಡಗುಗಳು ಬಯಲು ಕಡಲಿನಲ್ಲಿ ದೂರ ಲಂಗರು ಹಾಕಿ ನಿಲ್ಲುತ್ತಿದ್ದವು. ಅಲ್ಲಿಂದ ದಡದವರೆಗೆ ಒಂದರ ಹಿಂದೊಂದು ಮುರಿದು ಬೀಳುವ ಅಲೆಗಳು. ಇಂಗ್ಲಿಷರ ಗಟ್ಟಿ ದೋಣಿಗಳು ಈ ಅಲೆಗಳ ಹೊಡೆತಕ್ಕೆ ಸೀಳಿಹೋಗುತ್ತಿದ್ದವು. ಅದನ್ನು ದಾಟಬಲ್ಲದ್ದು ಇಲ್ಲಿಯ ಬೆಸ್ತರ ಮಸೂಲಾ ದೋಣಿ ಒಂದೇ. ಅದರ ಹಲಗೆಗಳಿಗೆ ಮೊಳೆಯಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿದದ್ದು. ಅಲೆ ಬಡಿದಾಗ ದೋಣಿಯೇ ಬಾಗಿ, ಪೆಟ್ಟನ್ನು ನುಂಗಿಕೊಳ್ಳುತ್ತದೆ. ಅದರ ಜೊತೆಗೆ, ಬಿದ್ದವರನ್ನು ಎತ್ತಿಕೊಳ್ಳಲು ಕಟ್ಟುಮರ. ಇಂಗ್ಲಿಷಿನವರು 'ಕ್ಯಾಟಮರಾನ್' ಎಂದು ಜಗತ್ತಿಗೆಲ್ಲ ಹಂಚಿದ ಪದ ಇದೇ ಎಂದಾಗ ನಮ್ಮ ಮಕ್ಕಳಿಗೆ ಅರ್ಥ ಹೇಳಬೇಕಾಗಲಿಲ್ಲ. ಕಟ್ಟಿದ ಮರ, ಕಟ್ಟುಮರ. ಕನ್ನಡವೂ ಅದೇ, ತಮಿಳೂ ಅದೇ.

ಮುಂದಿನ ತಿಂಗಳು ಹೊನ್ನಾವರದ ಕಡೆಯ ಒಬ್ಬ ಅಜ್ಜಿ ಮೊಮ್ಮಗಳ ಕೈಹಿಡಿದು ನಮ್ಮೊಂದಿಗೆ ಬಂದರು. ಹೊಲಿದ ದೋಣಿಯ ಮಾತು ಕೇಳಿ, "ಅದರಲ್ಲೇನು ಸೋಜಿಗ? ನಮ್ಮೂರಿನಲ್ಲೂ ಹಲಗೆಗೆ ತೂತು ಕೊರೆದು ಹುರಿಯಲ್ಲೇ ಹೊಲಿಯುತ್ತಿದ್ದರಪ್ಪ. ಹೊಲಿಗೆ ಸಡಿಲಾದರೆ ಮಳೆಗಾಲದಲ್ಲಿ ಬಿಚ್ಚಿ ಮತ್ತೆ ಹೊಲಿಯುವುದು" ಎಂದರು. ವರ್ಷಗಟ್ಟಲೆ ಆ ಅಜ್ಜಿಯ ಮನೆಯಲ್ಲಿ ಕಾಫಿ ಕುಡಿದಿದ್ದೇವೆ, ಅವರಿಗೆ ಇದು ಗೊತ್ತಿದೆ ಎಂಬುದು ನಮಗೆ ಗೊತ್ತಿರಲಿಲ್ಲ. ಅಂದು ವಿವರಣೆ ಕೊಟ್ಟವರು ಅವರು, ಕೇಳಿದವರು ನಾವು.

ಇಲ್ಲಿಂದ ನಮ್ಮ ವಿಮರ್ಶೆಯ ತಿರುಳಿಗೆ ಬರುತ್ತೇವೆ. ಈ ಸಂಗ್ರಹಾಲಯದ ಪಿಂಗಾಣಿ, ತೈಲಚಿತ್ರ, ಪ್ರತಿಮೆ, ಇವುಗಳಲ್ಲಿ ಬಹುಪಾಲು ಹಡಗಿನಲ್ಲಿ ಬಂದವು. 1861 ರಲ್ಲಿ ಕಬ್ಬಿಣದ ಕಟ್ಟೆ ಕಡಲಿಗೆ ಚಾಚುವ ತನಕ ಹಡಗಿನಿಂದ ದಡಕ್ಕೆ ಬರಬೇಕಾದರೆ ಬೆಸ್ತರ ಕೈಯಿಂದಲೇ ಬರಬೇಕಿತ್ತು; ಕಾರ್ನ್‌ವಾಲಿಸನಿಗೂ ಬೇರೆ ದಾರಿಯಿರಲಿಲ್ಲ. ಆದರೂ ಕಥೆಯಲ್ಲಿ ಅವರು ಎಲ್ಲೂ ನಡುವಿಗೆ ಬರುವುದಿಲ್ಲ. ಇದನ್ನು ಸಂಗ್ರಹಾಲಯದ ತಪ್ಪೆಂದು ನಾವು ಹೇಳಲಾರೆವು. ಅದು ಹುಟ್ಟಿದ್ದೇ ಕಂಪನಿಯ ಕಾಲದ ಉಳಿಕೆಗಳನ್ನು ಕಾಪಾಡುವುದಕ್ಕೆ, ಆ ಕೆಲಸವನ್ನು ಮಾಡುತ್ತಲೂ ಇದೆ. ತೊಡಕು ಇನ್ನೂ ಆಳದ್ದು. ಅಮೃತಶಿಲೆ ಉಳಿಯುತ್ತದೆ, ಕಂಚು ಉಳಿಯುತ್ತದೆ, ಗಾಜಿನ ಹಿಂದೆ ಪಿಂಗಾಣಿ ಉಳಿಯುತ್ತದೆ. ಮರ ಮತ್ತು ನಾರಿನ ದೋಣಿ ಕೊಳೆತು ಮಣ್ಣಾಗುತ್ತದೆ. ಕಡತದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂಬುದು ನಮ್ಮ ಕಛೇರಿಯ ಹಳೆಯ ನಂಬಿಕೆ. ಸಂಗ್ರಹಾಲಯಗಳಿಗೂ ಅದೇ ಅಭ್ಯಾಸ. ಉಳಿದ ವಸ್ತುವಿನಿಂದ ಮಾತ್ರ ಇತಿಹಾಸ ಕಟ್ಟಿದರೆ ಅದು ಉಳ್ಳವರ ಇತಿಹಾಸವೇ ಆಗುತ್ತದೆ. ವಸ್ತು ಇಲ್ಲದ ಕಡೆ ಅದನ್ನು ತುಂಬಬಲ್ಲದ್ದು ಮಾತು. ಮಾತಿಗೆ ಮನುಷ್ಯ ಬೇಕು. ವಿವರಿಸುವವನ ಅಗತ್ಯ ಇರುವುದು ಇಲ್ಲಿ, ಬರೆದಿಟ್ಟ ಚೀಟಿಯನ್ನು ಗಟ್ಟಿಯಾಗಿ ಓದುವುದಕ್ಕಲ್ಲ.

ಹೇಳದೆ ಉಳಿದ ಇನ್ನೊಂದು ಕಥೆ ಮರಳಿನದು. ಅದು ನಮಗೆ ತೀರ ಹತ್ತಿರದ್ದು. ನಮ್ಮ ಊರಿನ ಹೆಸರಿನಲ್ಲೇ 'ಮಣಲ್' ಕೇಳಿಸುತ್ತದೆ; ಹಳಗನ್ನಡದ 'ಮಳಲ್', ಈಗಿನ ಮರಳು. ಈ ಕರಾವಳಿಯಲ್ಲಿ ವರ್ಷದ ಹೆಚ್ಚು ತಿಂಗಳು ಅಲೆಗಳು ಓರೆಯಾಗಿ ಬಂದು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ತಳ್ಳುತ್ತವೆ. 1875 ರಲ್ಲಿ ಬಂದರಿನ ಅಡಿಗಲ್ಲು ಬಿತ್ತು, 1881 ರ ನವೆಂಬರಿನ ಬಿರುಗಾಳಿ ಅದರ ಗೋಡೆಗಳನ್ನು ಕೆಡವಿತು, ಮತ್ತೆ ಕಟ್ಟಿದರು. ಕಡಲಿಗೆ ಚಾಚಿದ ಆ ಗೋಡೆ ಸಾಗುತ್ತಿದ್ದ ಮರಳನ್ನು ದಕ್ಷಿಣದಲ್ಲೇ ತಡೆದು ನಿಲ್ಲಿಸಿತು. ಕೋಟೆಯ ಗೋಡೆಯ ಬಳಿಯವರೆಗೂ ಬರುತ್ತಿದ್ದ ಕಡಲು ದೂರ ಹೋಗಿ, ಮರೀನಾ ಅಗಲವಾಯಿತು. ಉತ್ತರಕ್ಕೆ ಹೋಗಬೇಕಾದ ಮರಳು ಹೋಗದೆ, ರಾಯಪುರದಿಂದ ತಿರುವೊಟ್ಟಿಯೂರಿನವರೆಗೆ ಕಡಲು ನೆಲವನ್ನು ತಿನ್ನಲಾರಂಭಿಸಿತು. ಇಡೀ ಚೆನ್ನೈ ಸಂಜೆ ಗಾಳಿ ಸೇವಿಸುವ ಮರಳಿನ ಲೆಕ್ಕ ಒಂದು ಕಡೆ ಜಮಾ ಆದರೆ, ಅದರ ಖರ್ಚು ನಮ್ಮ ಉತ್ತರದ ಕಡೆ ಬಿದ್ದಿದೆ. ಪಕ್ಕದ ಮನೆಯ ಆ ಹುಡುಗ ಕಲ್ಲುಗುಡ್ಡೆ ಹಾಕಿದ ದಡಕ್ಕೆ ನಮ್ಮನ್ನು ಕರೆದೊಯ್ದು, ನೀರಿನ ಕಡೆ ಕೈತೋರಿಸಿ, "ಅಲ್ಲಿ ನಮ್ಮ ತಾತನ ಮನೆ ಇತ್ತು" ಎಂದ. ನೀರಿನಲ್ಲಿ ಏನೂ ಕಾಣಲಿಲ್ಲ. ಯಾವ ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಇಡುವುದು?

2017 ರ ಜನವರಿ 28 ರಂದು ಎಣ್ಣೂರಿನ ಆಚೆ ಎರಡು ಹಡಗುಗಳು ಡಿಕ್ಕಿ ಹೊಡೆದು ಎಣ್ಣೆ ದಡಕ್ಕೆ ಬಂದಾಗ, ಬೆಸ್ತರೂ ವಿದ್ಯಾರ್ಥಿಗಳೂ ಬಕೆಟ್ಟಿನಲ್ಲಿ ಆ ಕರಿ ರೊಜ್ಜನ್ನು ಮೊಗೆದರು. ಎಂಡೆನ್ ಹಾರಿಸಿದ ಗುಂಡಿನ ಚೂರನ್ನು ನೂರು ವರ್ಷ ಕಾಪಾಡಿದ ನಗರದಲ್ಲಿ, ಆ ಬಕೆಟ್ಟುಗಳಲ್ಲಿ ಒಂದನ್ನು ಎತ್ತಿಡಬೇಕೆಂದು ನಮಗೂ ತೋಚಲಿಲ್ಲ. ಟೀಕೆ ಮಾಡುವ ನಾವೂ ಇದರಲ್ಲಿ ಪಾಲುದಾರರೇ.

ಹೊರಗೆ ಹೇಗಿದೆ ಎಂದು ನೋಡುವುದು ಒಳ್ಳೆಯದು. 1863 ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೀರಿಗಿಳಿದ 'ಯುಟರ್ಪಿ' ಎಂಬ ಕಬ್ಬಿಣದ ಹಾಯಿಹಡಗು 1865 ರಲ್ಲಿ ನಮ್ಮ ಮದರಾಸಿನಾಚೆಯ ಬಂಗಾಳಕೊಲ್ಲಿಯಲ್ಲೇ ಬಿರುಗಾಳಿಗೆ ಸಿಕ್ಕಿ, ತನ್ನ ಕೂವೆಮರಗಳನ್ನು ತಾನೇ ಕಡಿದೊಗೆದು, ಹೇಗೋ ತ್ರಿಂಕೋಮಲಿ ಸೇರಿ ಬದುಕಿತು. ಮುಂದೆ 'ಸ್ಟಾರ್ ಆಫ್ ಇಂಡಿಯಾ' ಎಂಬ ಹೆಸರು ಪಡೆದು, ಈಗ ಅಮೆರಿಕದ ಸ್ಯಾನ್ ಡಿಯಾಗೊ ಕಡಲ ಸಂಗ್ರಹಾಲಯದಲ್ಲಿದೆ. ಐವತ್ತು ವರ್ಷ ಸುಮ್ಮನೆ ನಿಂತಿದ್ದ ಅದು 1976 ರಲ್ಲಿ ಮತ್ತೆ ಹಾಯಿ ಬಿಚ್ಚಿತು. ತರಬೇತಿ ಪಡೆದ ಸ್ವಯಂಸೇವಕರೇ ಅದರ ನಾವಿಕರು. ಹಗ್ಗ ಎಳೆಯಲು ಕಲಿತವನಿಗೆ ಆ ಹಡಗಿನ ಇತಿಹಾಸವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ನಮ್ಮ ದೇಶದಲ್ಲಿಯೂ ಉದಾಹರಣೆಗಳುಂಟು. ವಿಶಾಖಪಟ್ಟಣದ ದಡದಲ್ಲಿ 2002 ರಿಂದ ಇರುವ 'ಕುರ್ಸುರಾ' ಜಲಾಂತರ್ಗಾಮಿಯನ್ನು ತೋರಿಸುವವರು ನೌಕಾಪಡೆಯ ನಿವೃತ್ತರು. ಇಕ್ಕಟ್ಟಾದ ಆ ಕೊಳವೆಯೊಳಗಿನ ಜೀವನವನ್ನು ಕಂಡುಂಡವರೇ ಹೇಳುವುದರಿಂದ ಅದಕ್ಕೆ ಜೀವವಿದೆ. ನಮ್ಮ ಕಾರವಾರದ ಕಡಲತೀರದಲ್ಲಿಯೂ 'ಚಪಲ್' ಎಂಬ ಯುದ್ಧನೌಕೆ ಸಂಗ್ರಹಾಲಯವಾಗಿ ನಿಂತಿದೆ. ರಜಕ್ಕೆ ಆ ಕಡೆ ಹೋಗುವವರು ಮಕ್ಕಳಿಗೆ ತೋರಿಸಬೇಕು. ಆದರೆ ಬರಿಯ ಅಭಿಮಾನ ಸಾಲದು ಎಂಬುದಕ್ಕೂ ಸಾಕ್ಷಿಯಿದೆ. 1961 ರಿಂದ 1997 ರವರೆಗೆ ಸೇವೆಯಲ್ಲಿದ್ದ 'ವಿಕ್ರಾಂತ'ವನ್ನು ಮುಂಬಯಿಯಲ್ಲಿ ಸಂಗ್ರಹಾಲಯ ಮಾಡಿದ್ದರು. ಉಪ್ಪುನೀರಿನಲ್ಲಿ ನಿಂತ ಕಬ್ಬಿಣ ಯಾರ ಭಾಷಣವನ್ನೂ ಕೇಳದೆ ತುಕ್ಕು ಹಿಡಿಯುತ್ತದೆ. 2012 ರಲ್ಲಿ ಸುರಕ್ಷಿತವಲ್ಲವೆಂದು ಮುಚ್ಚಿ, 2014 ರಲ್ಲಿ ಹರಾಜು ಹಾಕಿ ಒಡೆದರು. 2010 ರಲ್ಲಿ ನಿವೃತ್ತವಾದ 'ವಾಗ್ಲಿ' ಜಲಾಂತರ್ಗಾಮಿಯನ್ನು ಮಾಮಲ್ಲಪುರದಲ್ಲಿ ದಡಕ್ಕೇರಿಸಿ ಕಡಲ ಸಂಗ್ರಹಾಲಯ ಮಾಡುವ ಯೋಜನೆಯೂ ಕೈಗೂಡಲಿಲ್ಲ. ಬಣ್ಣ ಬಳಿಯುವ ಕೈ, ಅದಕ್ಕೆ ಹಣ, ವರ್ಷವರ್ಷವೂ ಬಿಡದ ಗಮನ, ಈ ಮೂರೂ ಇಲ್ಲದೆ ಹಡಗು ಉಳಿಯದು.

ಇನ್ನು ಕನ್ನಡಿಗರಿಗೆ ಕಡಲಿನ ಇತಿಹಾಸ ಹೊರಗಿನದು ಎಂದು ಯಾರೂ ತಿಳಿಯಬಾರದು. ಶಿಕಾರಿಪುರ ರಂಗನಾಥ ರಾಯರು, ಎಂದರೆ ಎಸ್. ಆರ್. ರಾವ್, 1955 ರಿಂದ 1960 ರವರೆಗೆ ಗುಜರಾತಿನ ಲೋಥಲನ್ನು ಅಗೆಸಿದವರು. ಇಟ್ಟಿಗೆಯ ಕಟ್ಟೆಯಿರುವ, ಇನ್ನೂರು ಮೀಟರಿಗೂ ಉದ್ದವಾದ ಒಂದು ಕೊಳವನ್ನು ಅವರು ಸಿಂಧೂ ನಾಗರಿಕತೆಯ ಹಡಗುಕಟ್ಟೆ ಎಂದರು. ಅಲ್ಲ, ಅದು ನೀರಿನ ಕೆರೆ ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ರಾಯರು ಅಷ್ಟಕ್ಕೆ ನಿಲ್ಲದೆ, ಅರವತ್ತರ ಸಮೀಪದಲ್ಲಿ ಕಡಲ ತಳದ ಶೋಧಕ್ಕೆ ತೊಡಗಿ, 1981 ರಲ್ಲಿ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವದ ಕೆಲಸವನ್ನು ಆರಂಭಿಸಿದರು. ದ್ವಾರಕೆಯಲ್ಲಿಯೂ, ನಮಗೆ ಹತ್ತಿರದ ಪೂಂಪುಹಾರಿನಲ್ಲಿಯೂ ನೀರಿನಡಿ ಹುಡುಕಾಟ ನಡೆಯಿತು. 2013 ರಲ್ಲಿ ಅವರು ತೀರಿಕೊಂಡರು. ಲೋಥಲಿನಲ್ಲಿ ರಾಷ್ಟ್ರೀಯ ಕಡಲ ಪರಂಪರೆಯ ಸಂಗ್ರಹಾಲಯದ ಕೆಲಸ 2022 ರಲ್ಲಿ ಶುರುವಾಗಿದೆ. ಅಲ್ಲಿ ರಾಯರ ಮಾತಿನ ಜೊತೆಗೆ ಎದುರಾಳಿಗಳ ಮಾತೂ ಇದ್ದರೆ ಮಾತ್ರ ಅದು ಕಲಿಯುವ ಸ್ಥಳವಾದೀತು. ಬರಿಯ ಜಯಘೋಷವಾದರೆ ನೋಡುವ ಸ್ಥಳವಷ್ಟೇ.

ಕೊನೆಗೆ ನಮ್ಮ ಸೇವೆಯ ವಿಮರ್ಶೆ. ಅದರಲ್ಲಿ ಮೂರು ದೋಷಗಳನ್ನು ಕಂಡುಕೊಂಡಿದ್ದೇವೆ. ಒಂದು, ಓದದೆ ಮಾತನಾಡಿದ್ದು. ಬಂದರಿನ ವಿಷಯದಲ್ಲಿ ಆದ ಅವಮಾನ ಅದಕ್ಕೆ ತಕ್ಕ ಶಿಕ್ಷೆ. ಎರಡು, ಮಕ್ಕಳಿಗೆ ಹೇಳುವುದೇ ನಮ್ಮ ಕೆಲಸವೆಂದುಕೊಂಡು ಕೇಳುವುದನ್ನು ಮರೆತದ್ದು. ಅಜ್ಜಿಯೂ ಪಕ್ಕದ ಮನೆಯ ಹುಡುಗನೂ ಅದನ್ನು ತಿದ್ದಿದರು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ನಾವು ಇಲ್ಲಿಗೆ ಹೊಟ್ಟೆಪಾಡಿಗೆ ಬಂದವರು, ನಿವೃತ್ತಿಯಾದ ಮೇಲೆ ಊರಿಗೆ ಹೊರಡುವವರು, ಈ ಊರಿನ ಕಡಲು ಇವರದು, ನಮಗೇನು ಎಂಬ ಭಾವನೆ. ಪೀಠದ ಮೇಲಿನ ಆ ಇಬ್ಬರು ಹುಡುಗರಿಗಾದರೆ ಎರಡು ವರ್ಷದಲ್ಲಿ ಬಿಡುಗಡೆಯಾಯಿತು. ನಮ್ಮಲ್ಲಿ ಇಪ್ಪತ್ತು ವರ್ಷ ಇದ್ದರೂ ಒತ್ತೆಯಾಳುಗಳಂತೆಯೇ ದಿನ ನೂಕುವವರಿದ್ದಾರೆ. ಮೊನ್ನೆ ಮೊನ್ನೆಯವರೆಗೂ ನಾವೂ ಹಾಗೆಯೇ ಇದ್ದೆವು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಈ ದಡವೇ ಊರು. ಅದರ ಕಥೆಯನ್ನು ಕನ್ನಡದಲ್ಲಿ ಹೇಳದೆ ಹೋದರೆ ಅವರು ಅದನ್ನು ಬೇರೆ ಭಾಷೆಯಲ್ಲಿ ಕಲಿತುಕೊಳ್ಳುತ್ತಾರೆ. ಕನ್ನಡ ಅವರ ಪಾಲಿಗೆ ಅಜ್ಜಿಯ ಅಡಿಗೆಮನೆಯ ಮಾತಾಗಿ ಉಳಿದುಬಿಡುತ್ತದೆ.

ಸಂಘದ ಬಾಂಧವರಲ್ಲಿ ಕರಾವಳಿಯ ಕಡೆಯ ಹಿರಿಯರು, ಹಡಗಿನಲ್ಲಿ ಕೆಲಸ ಮಾಡಿದವರು, ಬಂದರಿನ ವ್ಯವಹಾರ ಬಲ್ಲವರು ಇದ್ದೇ ಇರುತ್ತಾರೆ. ಅವರು ತಿಂಗಳಲ್ಲಿ ಒಂದು ಬೆಳಗ್ಗೆ ಕೊಟ್ಟರೆ ಸಾಕು. ಅಜ್ಜಿ ಈಗ ತೆಂಗಿನ ನಾರು ಬಿಡಿಸಿ ಹುರಿ ಹೊಸೆಯುವುದನ್ನು ಹುಡುಗರಿಗೆ ಕಲಿಸುತ್ತಿದ್ದಾರೆ. ತೂತು ಕೊರೆದ ಎರಡು ಹಲಗೆ ತುಂಡುಗಳನ್ನು ಮಕ್ಕಳು ಹೊಲಿದಿದ್ದಾರೆ. ಹೊಲಿಗೆ ಸೊಟ್ಟಗಿದೆ, ಬಕೆಟ್ಟಿನಲ್ಲಿ ಇಟ್ಟರೆ ನೀರು ಜಿನುಗುತ್ತದೆ. ಅದನ್ನು ನಮ್ಮ ಮನೆಯ ಕಿಟಕಿಯ ಮೇಲೆ ಇಟ್ಟಿದ್ದೇವೆ. ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಣಲಿಯ ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇವೆ. ಕೋಟೆಯ ಬಾಗಿಲಲ್ಲಿ ತಪಾಸಣೆ ಇರುವುದರಿಂದ ಗುರುತಿನ ಚೀಟಿ ತರಬೇಕು. ಶುಕ್ರವಾರ ಸಂಗ್ರಹಾಲಯಕ್ಕೆ ರಜ. ಮರೆತು ಹೋಗಿ ಬರಿಗೈಯಲ್ಲಿ ಬಂದವರಲ್ಲಿ ನಾವೇ ಮೊದಲಿಗರು.